ಶಿಲ್ಪಿಯ ಕಥೆ ಮತ್ತು ಚಿತ್ರಕಾರನ ಕೂಲಿ

ಅಚೌರ್ಯಾಣುವ್ರತದ ವಿಚಾರವನ್ನು ನಾವು ಸಾಮಾನ್ಯವಾಗಿ ಅಂಗಡಿಯ ತಕ್ಕಡಿಯ ಬಳಿಯೇ ನಿಲ್ಲಿಸಿಬಿಡುತ್ತೇವೆ. ತೂಕ ಸರಿಯಾಗಿರಬೇಕು, ಅಳತೆ ಸರಿಯಾಗಿರಬೇಕು, ಕಲಬೆರಕೆ ಕೂಡದು, ಕದ್ದ ಮಾಲನ್ನು ಕೊಳ್ಳಕೂಡದು. ಇಷ್ಟನ್ನು ಪಾಲಿಸಿದ ಗೃಹಸ್ಥನು ತನ್ನ ಕೈ ಶುದ್ಧವಾಗಿದೆಯೆಂದು ನೆಮ್ಮದಿಪಡುತ್ತಾನೆ. ಆದರೆ ಶಾಸ್ತ್ರಕಾರರು ಕಳವಿಗೆ ಇಟ್ಟ ಹೆಸರು ಅದತ್ತಾದಾನ, ಅಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಈ ಮಾತು ಅಕ್ಕಿ, ಬೆಳ್ಳಿ, ಭೂಮಿಗಳಿಗೆ ಮಾತ್ರ ಅನ್ವಯಿಸತಕ್ಕದ್ದೋ, ಮನುಷ್ಯನ ಶ್ರಮಕ್ಕೂ ಅನ್ವಯಿಸತಕ್ಕದ್ದೋ ಎಂಬುದು ಈ ಲೇಖನದಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ. ಶ್ರಮಿಕರ ಪೈಕಿ ಇಲ್ಲಿ ನಾನು ಆರಿಸಿಕೊಂಡಿರುವುದು ನಮ್ಮ ಸಮಾಜಕ್ಕೆ ಬಹಳ ಹತ್ತಿರದವನಾದ ಚಿತ್ರಕಾರನನ್ನು. ಎಲ್ಲಿಯೂ ಸಂಬಳಕ್ಕಿರದೆ ಬಿಡಿ ಕೆಲಸದಿಂದಲೇ ಸಂಸಾರ ನಡೆಸುವ ಈತನು ನಮ್ಮ ಸ್ಮರಣ ಸಂಚಿಕೆಗಳ ಮುಖಪುಟವನ್ನು ಬರೆಯುತ್ತಾನೆ, ಮಕ್ಕಳ ಕಥಾಪುಸ್ತಕಗಳಿಗೆ ಚಿತ್ರ ಒದಗಿಸುತ್ತಾನೆ, ಪಂಚಕಲ್ಯಾಣದ ಮಂಟಪಕ್ಕೆ ತೆರೆಗಳನ್ನು ಬರೆಯುತ್ತಾನೆ, ಬಸದಿಯ ಗೋಡೆಗಳ ಮೇಲೆ ತೀರ್ಥಂಕರರ ಜೀವನವನ್ನು ಚಿತ್ರಿಸುತ್ತಾನೆ.

ಇವನಿಗೆ ಹಣ ಕೊಡುವ ಮಾತು ಬಂದಾಗ ನಮ್ಮ ಸಭೆಗಳಲ್ಲಿ ತಪ್ಪದೆ ಒಂದು ಕಥೆ ಬರುತ್ತದೆ. ಅದು ಶ್ರವಣಬೆಳಗೊಳದ ಬಾಹುಬಲಿಯನ್ನು ಕಡೆದ ಶಿಲ್ಪಿಯ ಕಥೆ. ಜನಪರಂಪರೆಯು ಆತನನ್ನು ಅರಿಷ್ಟನೇಮಿ ಎಂದು ಕರೆಯುತ್ತದೆ. ಕಡೆದ ಕಲ್ಲಿನ ಚೂರು ಎಷ್ಟು ತೂಗುವುದೋ ಅಷ್ಟು ತೂಕದ ಬಂಗಾರವನ್ನು ಕೊಡಬೇಕೆಂದು ಶಿಲ್ಪಿ ಕೇಳಿದನಂತೆ, ಚಾವುಂಡರಾಯನು ಒಪ್ಪಿದನಂತೆ. ಮೊದಲ ದಿನದ ಬಂಗಾರವನ್ನು ಮನೆಗೆ ಕೊಂಡೊಯ್ದಾಗ ಅದು ಶಿಲ್ಪಿಯ ಕೈಗೆ ಅಂಟಿಕೊಂಡು ಬಿಡಿಸಲು ಬಾರದಾಯಿತು. ತಾಯಿಯು ಅವನನ್ನು ಕುರಿತು, ಒಬ್ಬ ಮಗನು ತಾಯಿಯ ಭಕ್ತಿಗಾಗಿ ಬಂಗಾರವನ್ನು ಬಿಡುತ್ತಿದ್ದಾನೆ, ಇನ್ನೊಬ್ಬ ಮಗನು ಅದನ್ನೇ ಹಿಡಿಯುತ್ತಿದ್ದಾನೆ ಎಂದು ಮರುಗಿದಳು. ಶಿಲ್ಪಿಗೆ ವಿವೇಕ ಹುಟ್ಟಿತು, ಕೈ ಬಿಡಿಸಿಕೊಂಡಿತು, ಉಳಿದ ಕೆಲಸವನ್ನು ಆತನು ಪ್ರತಿಫಲವಿಲ್ಲದೆ ಮುಗಿಸಿದನು. ಹೇಳುವವರ ಬಾಯಲ್ಲಿ ವಿವರಗಳು ಸ್ವಲ್ಪ ಬದಲಾಗುತ್ತವೆ, ತಿರುಳು ಇಷ್ಟೇ.

ಕಥೆ ಸೊಗಸಾಗಿದೆ. ಆದರೆ ನಾವು ಅದನ್ನು ಓದುವ ರೀತಿ ಸರಿಯಿಲ್ಲ. ದೇವರ ಕೆಲಸಕ್ಕೆ ಕೂಲಿ ಕೇಳಬಾರದು ಎಂಬುದೇ ಅದರ ನೀತಿಯೆಂದು ನಾವು ಚಿತ್ರಕಾರನಿಗೆ ಉಪದೇಶಿಸುತ್ತೇವೆ. ಕಥೆಯಲ್ಲಿ ಯಾರು ಏನು ಮಾಡಿದರೆಂಬುದನ್ನು ಸಾವಧಾನವಾಗಿ ನೋಡಿದರೆ ನೀತಿಯು ಬೇರೆಯಾಗಿಯೇ ಕಾಣುತ್ತದೆ. ಮೊದಲನೆಯದಾಗಿ, ಚಾವುಂಡರಾಯನು ಚೌಕಾಸಿ ಮಾಡಲಿಲ್ಲ. ಕೆಲಸಕ್ಕೆ ಮುನ್ನವೇ ದರ ಗೊತ್ತಾಯಿತು. ಆಡಿದ ಮಾತಿನಂತೆ ಅದೇ ದಿನ ತೂಗಿ ಕೊಟ್ಟದ್ದೂ ಆಯಿತು. ಇದು ಪುಣ್ಯಕಾರ್ಯ, ನಿನಗೆ ಹಣವೇಕೆ ಎಂದು ಆತನು ಒಮ್ಮೆಯೂ ನುಡಿಯಲಿಲ್ಲ. ಎರಡನೆಯದಾಗಿ, ಬಂಗಾರವನ್ನು ಬಿಟ್ಟವನು ಶಿಲ್ಪಿ, ಬಿಡಿಸಿದವನು ಚಾವುಂಡರಾಯನಲ್ಲ. ತಾಯಿ ಹೇಳಿದ ಮಾತನ್ನು ಕೆಲಸ ಕೊಟ್ಟ ಮಂತ್ರಿಯೇ ಹೇಳಿದ್ದರೆ ಕಥೆ ಅಲ್ಲಿಗೇ ಕೆಡುತ್ತಿತ್ತು. ಮೂರನೆಯದಾಗಿ, ಶಿಲ್ಪಿಯ ಕೈಗೆ ಅಂಟಿದ್ದು ಬೆಟ್ಟದ ಕಲ್ಲಿಗೆ ಸಮನಾದ ಬಂಗಾರವೇ ಹೊರತು ಮಕ್ಕಳ ಶಾಲಾಶುಲ್ಕವಲ್ಲ, ಮನೆಯ ಬಾಡಿಗೆಯಲ್ಲ. ಕಥೆಯು ಖಂಡಿಸುವುದು ಲೋಭವನ್ನು, ಜೀವನೋಪಾಯವನ್ನಲ್ಲ.

ತ್ಯಾಗಕ್ಕೆ ಒಡೆತನ ಬೇಕು. ಶಿಲ್ಪಿಯು ತನ್ನದಾದ ಬಂಗಾರವನ್ನು ಬಿಟ್ಟನು. ಆದುದರಿಂದಲೇ ಅದು ತ್ಯಾಗವಾಯಿತು. ಕೊಡಬೇಕಾದುದನ್ನು ಕೊಡದೆ, ನೀನೇ ಬಿಟ್ಟಂತೆ ತಿಳಿದುಕೋ ಎಂದು ಹೇಳುವುದು ಅವನ ತ್ಯಾಗವೂ ಅಲ್ಲ, ನಮ್ಮ ದಾನವೂ ಅಲ್ಲ. ಹತ್ತು ಜನರ ಮುಂದೆ ಬಾಯಿ ಬಿಡಲಾರದ ಸಂಕೋಚದಿಂದ ಚಿತ್ರಕಾರನು ಸುಮ್ಮನಾದರೆ ಆ ಮೌನವನ್ನು ಸಮ್ಮತಿಯೆಂದು ಲೆಕ್ಕ ಬರೆಯಲಾಗದು. ಅವನು ಕೊಡಲಿಲ್ಲ, ನಾವು ತೆಗೆದುಕೊಂಡೆವು. ಇದಕ್ಕೆ ಅದತ್ತಾದಾನವೆಂದಲ್ಲದೆ ಬೇರೆ ಹೆಸರು ನನಗೆ ತೋಚುವುದಿಲ್ಲ.

ಅದೇ ಬೆಟ್ಟದ ಇನ್ನೊಂದು ಕಥೆ ಗುಳ್ಳಕಾಯಜ್ಜಿಯದು. ಕೊಡಗಟ್ಟಲೆ ಹಾಲು ಸುರಿದರೂ ಪೂರ್ಣವಾಗದ ಅಭಿಷೇಕವು ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲಿನಿಂದ ಪೂರ್ಣವಾಯಿತು. ಮಾಡಿಸಿದವನೆಂಬ ಅಹಂಕಾರ ಇಳಿಯಿತು. ಶಿಲ್ಪಿಯ ಕಥೆ ಕೆಲಸ ಮಾಡುವವನಿಗೆ ಹೇಳಿದ ನೀತಿಯಾದರೆ ಅಜ್ಜಿಯ ಕಥೆ ಕೆಲಸ ಮಾಡಿಸುವವನಿಗೆ ಹೇಳಿದ ನೀತಿ. ಟ್ರಸ್ಟಿನ ಸಭೆಯಲ್ಲಿ ಕುಳಿತವರು ಚಿತ್ರಕಾರನಿಗೆ ಸಲ್ಲುವ ಕಥೆಯನ್ನು ಅವನಿಗೆ ಹೇಳುವ ಮೊದಲು ತಮಗೆ ಸಲ್ಲುವ ಕಥೆಯನ್ನು ನೆನೆಯುವುದು ಉಚಿತ.

ಸುಮಾರು ಕ್ರಿ.ಶ. 981 ರಲ್ಲಿ ನಿಂತ ಆ ಮೂರ್ತಿಯ ಪಾದದ ಬಳಿಯ ಶಾಸನಗಳು ಚಾವುಂಡರಾಯನು ಮಾಡಿಸಿದನೆಂದೂ ಸುತ್ತಾಲಯವನ್ನು ಗಂಗರಾಜನು ಮಾಡಿಸಿದನೆಂದೂ ಹೇಳುತ್ತವೆ. ಮಾಡಿಸಿದವರ ಹೆಸರು ಕಲ್ಲಿನಲ್ಲಿದೆ, ಮಾಡಿದವನ ಹೆಸರು ಕಥೆಯಲ್ಲಿ ಮಾತ್ರ ಉಳಿದಿದೆ. ಹಾಗೆಂದು ನಮ್ಮ ಹಿರಿಯರು ಯಾವಾಗಲೂ ಕಸುಬುದಾರನ ಹೆಸರನ್ನು ಮರೆಸಿದರೆನ್ನುವುದು ಸರಿಯಲ್ಲ. 12ನೆಯ ಶತಮಾನದಲ್ಲಿ ಗಂಗರಾಜನ ಕಾಲದ ಶಾಸನಗಳನ್ನು ಕಂಡರಿಸಿದ ಗಂಗಾಚಾರಿಯು ತನ್ನ ಹೆಸರನ್ನು ಬಿರುದಿನೊಡನೆ ಅದೇ ಬೆಳಗೊಳದ ಕಲ್ಲಿನಲ್ಲಿ ಬರೆದುಕೊಂಡಿದ್ದಾನೆ. ಹೊಯ್ಸಳರ ಗುಡಿಗಳಲ್ಲಿ ದಾಸೋಜ, ಮಲ್ಲಿತಮ್ಮ ಮೊದಲಾದ ರೂವಾರಿಗಳ ಅಂಕಿತಗಳಿವೆ. ನಮ್ಮ ಕಾಲದಲ್ಲಿಯೂ 1982 ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಯನ್ನು ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ ಎಂಬುದನ್ನು ಜನ ಮರೆತಿಲ್ಲ. ಮನಸ್ಸಿದ್ದರೆ ಹೆಸರಿಗೆ ಎಡೆ ಇದ್ದೇ ಇರುತ್ತದೆ.

ಶಾಸ್ತ್ರದಾನದ ಆದರ್ಶವಾಗಿ ನಾವು ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಸ್ಮರಿಸುತ್ತೇವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಕೈಗಳ ಎಷ್ಟು ತಿಂಗಳ ದುಡಿಮೆಯೆಂಬುದನ್ನು ಯೋಚಿಸಬೇಕು. ಬರೆಯುವವರ ಹೊಟ್ಟೆಯ ಭಾರವನ್ನು ಹೊತ್ತಾಗ ಮಾತ್ರ ಬರೆಯಿಸಿದವರ ದಾನ ದಾನವಾಗುತ್ತದೆ. ಲಿಪಿಕಾರನಿಂದ ಬಿಟ್ಟಿ ಬರೆಯಿಸಿ ಗ್ರಂಥವನ್ನು ಹಂಚಿದರೆ ನಿಜವಾದ ದಾನಿ ಲಿಪಿಕಾರನೇ. ಹಂಚಿದವನು ಬರಿಯ ಹಂಚಿಕೆದಾರ. ಇಂದು ಪ್ರಾಯೋಜಕರ ಭಾವಚಿತ್ರವನ್ನು ಮೊದಲ ಪುಟದಲ್ಲಿ ಹಾಕಿ ಉಚಿತ ವಿತರಣೆಗಾಗಿ ಎಂದು ಅಚ್ಚು ಮಾಡಿಸುವ ಪುಸ್ತಕಗಳಲ್ಲಿ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡತಕ್ಕದ್ದು. ಕಾಗದದ ವ್ಯಾಪಾರಿ, ಅಚ್ಚುಕೂಟ, ಬೈಂಡಿನವನು, ಲಾರಿಯವನು ಇವರೆಲ್ಲರಿಗೂ ಬಿಲ್ಲಿನ ಪ್ರಕಾರ ಹಣ ಸಂದಿರುತ್ತದೆ. ಚಿತ್ರಕಾರನಿಗೆ ಮಾತ್ರ ಬಿಲ್ಲು ಇರುವುದಿಲ್ಲ. ಅವನಿಗೆ ಗೌರವಧನ ಎಂಬ ಬೇರೊಂದು ಶೀರ್ಷಿಕೆ ಇದೆ. ಗೌರವಧನವೆಂದರೆ ಕೊಡುವವರ ಮನಸ್ಸಿಗೆ ಬಂದಷ್ಟು, ಬಂದಾಗ. ಕೂಲಿಗೆ ಕೂಲಿಯೆಂಬ ಹೆಸರನ್ನು ಕೊಡಲು ನಾವು ಹಿಂಜರಿಯುವುದು ಗೌರವದಿಂದಲ್ಲ. ಕೂಲಿಗೆ ದರವಿರುತ್ತದೆ, ವಾಯಿದೆಯಿರುತ್ತದೆ ಎಂಬ ಕಾರಣದಿಂದ.

ನಮ್ಮ ಪ್ರಾಂತದ ಒಂದು ಸಮಿತಿಯು ಕೆಲವು ವರ್ಷಗಳ ಹಿಂದೆ ಪ್ರತಿಷ್ಠಾ ಮಹೋತ್ಸವದ ಸಂಚಿಕೆಗಾಗಿ ತರುಣ ಕಲಾವಿದನೊಬ್ಬನಿಂದ ಹದಿನೆಂಟು ಚಿತ್ರಗಳನ್ನು ಬರೆಯಿಸಿತು. ಬಿಡುಗಡೆಯ ದಿನ ಅವನಿಗೆ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗಿನ ಸ್ಮರಣಿಕೆ ಸಂದವು. ಮರುವರ್ಷ ಅವೇ ಚಿತ್ರಗಳು ಗೋಡೆ ಪಂಚಾಂಗದಲ್ಲಿ ಅವನ ಹೆಸರಿಲ್ಲದೆ ಬಂದವು. ಅವನು ವಿಚಾರಿಸಲು ಹೋದಾಗ ಕಾರ್ಯಕರ್ತರು ಇದೇ ಶಿಲ್ಪಿಯ ಕಥೆಯನ್ನು ಹೇಳಿ ಕಳುಹಿಸಿದರು. ರಾಮಾಪುರದ ನನ್ನ ಅಂಗಡಿಯಲ್ಲಿ ಬಣ್ಣದ ಡಬ್ಬಿಗಳನ್ನು ಕಡ ಒಯ್ದಿದ್ದ ಆ ಹುಡುಗನು ನಾಲ್ಕು ತಿಂಗಳಲ್ಲಿ ಕಂತುಕಂತಾಗಿ ಸಾಲವನ್ನು ತೀರಿಸಿದನು. ಈಗ ಅವನು ಹನೂರಿನ ಕಡೆ ಅಂಗಡಿಗಳ ಬೋರ್ಡು ಬರೆಯುತ್ತಾನೆ. ಬಸದಿಯ ಕೆಲಸವೆಂದರೆ ಕೈಮುಗಿದು ದೂರ ಸರಿಯುತ್ತಾನೆ. ನಷ್ಟವಾದುದು ಅವನಿಗೆ ಮಾತ್ರವೇ ಎಂದು ಓದುಗರು ವಿಚಾರಿಸಬೇಕು.

ಕೆಲಸದ ಲೆಕ್ಕವನ್ನೇ ಹಾಕೋಣ. ಮಕ್ಕಳ ಪುಸ್ತಕವೊಂದಕ್ಕೆ ಹನ್ನೆರಡು ವರ್ಣಚಿತ್ರಗಳು ಬೇಕೆಂದು ಇಟ್ಟುಕೊಳ್ಳಿ. ಒಂದು ಚಿತ್ರಕ್ಕೆ ಕಥೆಯನ್ನು ಓದಿ ಕಲ್ಪಿಸಿಕೊಳ್ಳಲು ಅರ್ಧ ದಿನ, ಪೆನ್ಸಿಲಿನ ಕರಡಿಗೆ ಒಂದು ದಿನ, ಸಮಿತಿಯವರು ಹೇಳಿದ ತಿದ್ದುಪಡಿಗೆ ಅರ್ಧ ದಿನ, ಮಸಿ ಮತ್ತು ಬಣ್ಣಕ್ಕೆ ಎರಡು ದಿನ. ಒಟ್ಟು ನಾಲ್ಕು ದಿನ. ಹನ್ನೆರಡಕ್ಕೆ 48 ದಿನ. ಲೆಕ್ಕಕ್ಕಾಗಿ ದಿನಕ್ಕೆ 800 ರೂಪಾಯಿ ಹಿಡಿದರೆ 38,400 ರೂಪಾಯಿ. ಆದರೆ ಬಿಡಿ ಕೆಲಸದವನಿಗೆ ವರ್ಷದ 300 ದಿನವೂ ಕೆಲಸವಿರುವುದಿಲ್ಲ. ಕೆಲಸ ಹುಡುಕುವ, ಕಾಯುವ, ಬಾಕಿ ಕೇಳಲು ಅಲೆಯುವ ದಿನಗಳನ್ನು ಕಳೆದು 200 ದಿನ ಸಿಕ್ಕಿತೆಂದರೆ ದಿನದ ದರ 1,200 ಆದಾಗಲೇ ಸಂಬಳದವನ 800 ಕ್ಕೆ ಅದು ಸಮ. ಆಗ 57,600 ರೂಪಾಯಿ. ಕಾಗದ, ಬಣ್ಣ, ಕುಂಚಗಳಿಗೆ 4,000 ಸೇರಿಸಿದರೆ 61,600. ಸಾವಿರ ಪ್ರತಿ ಅಚ್ಚು ಹಾಕಿಸಿದರೆ ಪ್ರತಿಯೊಂದಕ್ಕೆ 61 ರೂಪಾಯಿ 60 ಪೈಸೆ ಬೀಳುತ್ತದೆ. ಐದು ಸಾವಿರ ಹಾಕಿಸಿದರೆ 12 ರೂಪಾಯಿ 32 ಪೈಸೆ. ಯಾವ ಅಂಗಡಿಯವನೂ ಇದನ್ನು ದುಬಾರಿ ಎನ್ನಲಾರನು. ಅಂಕಿಗಳು ಊರಿಂದ ಊರಿಗೆ ಬದಲಾಗಬಹುದು, ಲೆಕ್ಕದ ಕ್ರಮ ಬದಲಾಗದು.

ನಾಲ್ಕು ದಿನ ಏಕೆ ಬೇಕೆಂದು ಕೇಳುವವರು ಜಿನಬಿಂಬದ ಲಕ್ಷಣಗಳನ್ನು ಒಮ್ಮೆ ನೆನೆಯಲಿ. ಇಪ್ಪತ್ತನಾಲ್ಕು ತೀರ್ಥಂಕರರಿಗೆ ಇಪ್ಪತ್ತನಾಲ್ಕು ಲಾಂಛನಗಳು. ಪಾರ್ಶ್ವನಾಥನ ಹೆಡೆಗಳಿಗೂ ಸುಪಾರ್ಶ್ವನಾಥನ ಹೆಡೆಗಳಿಗೂ ಭೇದ. ಬಾಹುಬಲಿಗೆ ತೊಡೆ ತೋಳುಗಳನ್ನು ಹಬ್ಬಿದ ಬಳ್ಳಿ. ಕೂಷ್ಮಾಂಡಿನಿಗೆ ಮಾವಿನ ಗೊಂಚಲು ಮತ್ತು ಮಕ್ಕಳು. ಇವನ್ನು ತಿಳಿದು ಬರೆಯುವವನು ಅರ್ಧ ಪಂಡಿತನೇ ಸರಿ. ಈಚೆಗೆ ಕಂಪ್ಯೂಟರಿಗೆ ನಾಲ್ಕು ಮಾತು ಹೇಳಿದರೆ ಕ್ಷಣದಲ್ಲಿ ಚಿತ್ರ ಬರುತ್ತದೆಯೆಂದು ಕೆಲವು ಸಮಿತಿಗಳು ಹಿಗ್ಗುತ್ತಿವೆ. ದಿಗಂಬರ ಮೂರ್ತಿಗೆ ಆಭರಣ ತೊಡಿಸಿದ, ಲಾಂಛನವನ್ನು ಅದಲು ಬದಲು ಮಾಡಿದ ಚಿತ್ರವನ್ನು ಹುಡುಗರ ಕೈಗೆ ಕೊಟ್ಟರೆ ಉಳಿಸಿದ ಹಣಕ್ಕಿಂತ ಕಳೆದುಕೊಂಡ ತಿಳಿವಳಿಕೆಯೇ ಹೆಚ್ಚಾದೀತು. ಅಲ್ಲದೆ ಆ ಯಂತ್ರವು ಕಲಿತದ್ದು ಕೂಡ ಎಷ್ಟೋ ಚಿತ್ರಕಾರರ ಕೆಲಸವನ್ನು ನೋಡಿಯೇ. ತತ್ತ್ವಾರ್ಥಸೂತ್ರವು ಅಚೌರ್ಯದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದೆ. ಒಂದರ ನಕಲನ್ನು ಇನ್ನೊಂದರ ಬದಲಿಗೆ ಸಾಗಿಸುವ ಆ ದೋಷವು ಪರರ ಚಿತ್ರವನ್ನು ಕೇಳದೆ ತೆಗೆದು ಅಚ್ಚು ಹಾಕುವವರಿಗೂ ತಟ್ಟದಿರುವುದೇ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡಿವೆ. ಹೇರಬಾರದಷ್ಟು ಹೇರುವುದು, ಹೊತ್ತಿಗೆ ಅನ್ನ ನೀರು ತಪ್ಪಿಸುವುದು. ಹತ್ತು ಸಲ ತಿದ್ದಿಸಿ ಆರು ತಿಂಗಳು ಹಣ ನಿಲ್ಲಿಸುವುದು ಇವೆರಡಕ್ಕೂ ದೂರವಾದುದಲ್ಲ.

ವ್ಯಾಪಾರಿಗಳಾದ ನಮಗೆ ಈ ವಿಷಯ ಹೊಸತೇನಲ್ಲ. ಕೊಳ್ಳೇಗಾಲದ ರೇಷ್ಮೆಯನ್ನು ಬಲ್ಲವರಿಗೆ ಅಂಚು ಸೆರಗುಗಳ ವಿನ್ಯಾಸವೆಂದರೆ ಏನೆಂದು ಗೊತ್ತು. ಜಕಾರ್ಡ್ ಮಗ್ಗಕ್ಕೆ ಮೊದಲು ಚೌಕುಳಿ ಕಾಗದದ ಮೇಲೆ ವಿನ್ಯಾಸ ಬರೆಯಬೇಕು, ಅದನ್ನು ನೋಡಿ ಕಾರ್ಡುಗಳಿಗೆ ತೂತು ಹೊಡೆಯಬೇಕು. ನೂಲು ಒಂದೇ, ಮಗ್ಗ ಒಂದೇ. ಸೀರೆಯನ್ನು ಗಿರಾಕಿಯ ಕೈಗೆ ಎತ್ತಿಸುವುದು ಆ ಬರಹ. ಹೊರನಾಡಿನ ದೃಷ್ಟಾಂತವೂ ಉಂಟು. ಅಮೆರಿಕದಲ್ಲಿ ಸೂಪರ್‌ಮ್ಯಾನ್ ಎಂಬ ಚಿತ್ರಕಥೆಯನ್ನು ಕಲ್ಪಿಸಿದ ಜೆರ್ರಿ ಸೀಗೆಲ್ ಮತ್ತು ಚಿತ್ರಕಾರ ಜೋ ಶುಸ್ಟರ್ 1938 ರಲ್ಲಿ ಅದರ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಕಂಪೆನಿ ಕೋಟಿಗಟ್ಟಲೆ ಗಳಿಸಿತು, ಅವರಿಬ್ಬರು ಬಡತನ ಕಂಡರು. ಜನರ ಛೀಮಾರಿಗೆ ಅಂಜಿ 1975 ರಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರ್ ಕೊಡಲೂ ಹೆಸರನ್ನು ಮತ್ತೆ ಅಚ್ಚು ಹಾಕಲೂ ಮಾಲೀಕರು ಒಪ್ಪಿದರು. ನಮ್ಮಲ್ಲಿ ಇದಕ್ಕಿಂತ ಹಿತವಾದ ಉದಾಹರಣೆ ಚಂದಮಾಮದ್ದು. ವಿಕ್ರಮ ಬೇತಾಳರ ಚಿತ್ರವನ್ನು ಮನೆಮನೆಗೂ ಪರಿಚಯಿಸಿದ ಶಂಕರ್ 1952 ರಿಂದ ಆ ಪತ್ರಿಕೆಯ ಸಂಸ್ಥೆಯಲ್ಲಿ ಕೆಲಸಕ್ಕಿದ್ದು ದಶಕಗಟ್ಟಲೆ ಬರೆದರು. 2020 ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ನಿಶ್ಚಿತವಾದ ಸಂಬಳ ಬರುತ್ತಿದ್ದ ಕೈ ಅಷ್ಟು ಕಾಲ ನಡೆಯಿತು. ಸಂಬಳ ಕೊಡಲಾರದ ನಾವು ಬಿಡಿ ಕೆಲಸಕ್ಕಾದರೂ ನ್ಯಾಯವಾದ ದರವನ್ನು ಕೊಡಬೇಡವೇ?

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1957 ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ ಹಣ ಕೊಟ್ಟು ಬರೆಯಿಸಿದ ವರ್ಣಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಬರೆಯಿಸಿದವರದು. ಪ್ರತಿಫಲವನ್ನೇ ಕೊಡದ ಟ್ರಸ್ಟಿಗೆ ಆ ಕಲಮಿನ ಆಸರೆ ಸಿಗುವುದಿಲ್ಲ. ಚಿತ್ರದ ಹಕ್ಕು ಚಿತ್ರಕಾರನಲ್ಲಿಯೇ ಉಳಿಯುತ್ತದೆ. ಹಕ್ಕನ್ನು ಬರೆದುಕೊಟ್ಟ ಮೇಲೂ ಇದು ನನ್ನ ಕೃತಿಯೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ಅವನಿಗೆ ಉಳಿಸಿದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಭಿತ್ತಿಶಿಲ್ಪವನ್ನು ಸರಕಾರವು ಕಿತ್ತು ಹಾಳುಗೆಡವಿದಾಗ, 2005 ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಉಳಿದ ಭಾಗಗಳನ್ನು ಕಲಾವಿದನಿಗೆ ಹಿಂದಿರುಗಿಸಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚಿತ್ರಗಳಿಗೆ ಸುಣ್ಣ ಬಳಿಯುವವರು ಇದನ್ನು ಗಮನಿಸಬೇಕು. 2006 ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯು ನೋಂದಾಯಿತ ಸಣ್ಣ ಕಸುಬುದಾರನಿಗೆ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕೆಂದೂ ತಡವಾದರೆ ಚಕ್ರಬಡ್ಡಿ ತೆರಬೇಕೆಂದೂ ವಿಧಿಸಿತು. ಆದರೆ ನಮ್ಮ ಕಲಾವಿದನು ಬಸದಿಯ ಮೇಲೆ ದಾವೆ ಹೂಡುವವನಲ್ಲ. ಅವನು ಹೂಡುವುದಿಲ್ಲವೆಂಬ ಧೈರ್ಯವೇ ನಮ್ಮ ಅಲಕ್ಷ್ಯಕ್ಕೆ ಕಾರಣವಾದರೆ ಅದು ಇನ್ನೂ ದೊಡ್ಡ ದೋಷ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗಿದೆ. ಟ್ರಸ್ಟಿನಲ್ಲಿ ಹಣವಿಲ್ಲ ಎಂಬುದು ಮೊದಲನೆಯದು. ಹಣವಿಲ್ಲದಿದ್ದರೆ ಹನ್ನೆರಡರ ಬದಲು ನಾಲ್ಕು ಚಿತ್ರ ಬರೆಯಿಸಬಹುದು; ಅಚ್ಚಿನವನ ಹತ್ತಿರ ನಾವು ಹಾಗೆಯೇ ತಾನೇ ಪುಟ ಕಡಮೆ ಮಾಡುತ್ತೇವೆ? ಭಕ್ತನೊಬ್ಬನು ತಾನಾಗಿ ಸೇವೆಯೆಂದು ಬರೆದುಕೊಟ್ಟರೆ ಬೇಡವೆನ್ನಬೇಕೇ ಎಂಬುದು ಎರಡನೆಯದು. ಬೇಡವೆನ್ನಬೇಕಾಗಿಲ್ಲ. ಮೊದಲು ದರವನ್ನು ಹೇಳಿ, ಹಣವನ್ನು ಅವನ ಕೈಗೆ ಕೊಟ್ಟು, ಆಮೇಲೆ ಅವನು ಹುಂಡಿಗೆ ಹಾಕುವುದಾದರೆ ಹಾಕಲಿ. ಆಗ ದಾನಿಗಳ ಪಟ್ಟಿಯಲ್ಲಿ ಅವನ ಹೆಸರೂ ಮೊತ್ತದೊಡನೆ ಅಚ್ಚಾಗಲಿ.

ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಯ ಚಿತ್ರವೊಂದಿದೆ. ಯಾತ್ರೆಗೆ ಹೋದವರು ನೋಡಿರಬಹುದು. ಹಣ್ಣಿನ ಮರವೊಂದು, ಹಸಿದ ಆರು ಜನ. ಒಬ್ಬನು ಬುಡಕ್ಕೇ ಕೊಡಲಿ ಹಾಕಬೇಕೆನ್ನುತ್ತಾನೆ, ಒಬ್ಬನು ದೊಡ್ಡ ಕೊಂಬೆಗೆ, ಒಬ್ಬನು ಸಣ್ಣ ರೆಂಬೆಗೆ. ಒಬ್ಬನು ಗೊಂಚಲನ್ನು ಕೀಳುತ್ತಾನೆ, ಒಬ್ಬನು ಹಣ್ಣನ್ನು ಮಾತ್ರ, ಕೊನೆಯವನು ನೆಲಕ್ಕೆ ಬಿದ್ದುದನ್ನು ಆಯ್ದುಕೊಳ್ಳುತ್ತಾನೆ. ಹಸಿವು ಆರೂ ಜನರಿಗೆ ಒಂದೇ. ಪರಿಣಾಮಗಳು ಆರು ಬಗೆ. ಅಕ್ಷರ ಬಾರದವಳೂ ಒಂದು ನಿಮಿಷದಲ್ಲಿ ಕಲಿಯುವ ಈ ಪಾಠವನ್ನು ವಿವರಿಸಲು ಪಂಡಿತನಿಗೆ ಒಂದು ಗಂಟೆಯ ಪ್ರವಚನ ಬೇಕು. ಅಂಥ ಶಕ್ತಿಯುಳ್ಳ ಕೆಲಸವನ್ನು ಮಾಡುವವನೇ ಇಲ್ಲಿ ಮರ. ಎಲ್ಲ ಹಕ್ಕನ್ನೂ ಬರೆಸಿಕೊಂಡು ಶಾಲು ಹೊದಿಸಿ ಕಳುಹಿಸುವವರು ಯಾವ ಸ್ಥಾನದಲ್ಲಿದ್ದಾರೆ, ಒಪ್ಪಿದ ಚಿತ್ರಕ್ಕೆ ಒಪ್ಪಿದ ಹಣವನ್ನು ಒಪ್ಪಿದ ದಿನ ಕೊಡುವವರು ಯಾವ ಸ್ಥಾನದಲ್ಲಿದ್ದಾರೆ ಎಂಬುದನ್ನು ಆಯಾ ಟ್ರಸ್ಟಿನವರೇ ಗುರುತಿಸಿಕೊಳ್ಳಲಿ.

ಕೊನೆಯದಾಗಿ ಟ್ರಸ್ಟುಗಳಲ್ಲಿ ನನ್ನ ವಿನಂತಿಗಳಿವು. ಕೆಲಸಕ್ಕೆ ಮುನ್ನ ಒಂದು ಪುಟದ ಕರಾರು ಇರಲಿ. ಎಷ್ಟು ಚಿತ್ರ, ಯಾವ ದಿನಕ್ಕೆ, ಎಷ್ಟು ಹಣ ಎಂಬುದು ಅದರಲ್ಲಿ ಕನ್ನಡದಲ್ಲಿಯೇ ಬರಲಿ. ಮೂರರಲ್ಲೊಂದು ಭಾಗ ಮುಂಗಡವಾಗಿ ಸಲ್ಲಲಿ. ತಿದ್ದುಪಡಿ ಎರಡು ಸಲಕ್ಕೆ ನಿಲ್ಲಲಿ, ಮೂರನೆಯದಕ್ಕೆ ಹಣವಿರಲಿ. ಅರ್ಧಕ್ಕೆ ಕೆಲಸ ಬೇಡವೆಂದರೆ ಆದಷ್ಟು ಕೆಲಸದ ಕೂಲಿಯನ್ನು ತೆತ್ತೇ ಬೇಡವೆನ್ನಲಿ. ಪಂಚಾಂಗ, ಆಮಂತ್ರಣ, ಮರುಮುದ್ರಣಗಳಿಗೆ ಚಿತ್ರವನ್ನು ಮತ್ತೆ ಬಳಸಿದರೆ ಮತ್ತೆ ಒಂದು ಮೊತ್ತ ಕೊಡಲಿ. ಮೂಲಚಿತ್ರಗಳು ಕಲಾವಿದನಿಗೆ ಹಿಂದಿರುಗಲಿ. ಅವನ ಹೆಸರು ಪ್ರಾಯೋಜಕರ ಹೆಸರಿರುವ ಪುಟದಲ್ಲಿಯೇ ಬರಲಿ. ವಾರ್ಷಿಕ ಲೆಕ್ಕಪತ್ರದಲ್ಲಿ ಗೌರವಧನವೆಂಬ ಸಾಲಿನಿಂದ ಇದನ್ನು ತೆಗೆದು ಚಿತ್ರಕಾರರ ಕೂಲಿ ಎಂಬ ಬೇರೊಂದು ಸಾಲಿನಲ್ಲಿ ತೋರಿಸಲಿ. ಲೆಕ್ಕ ಪರಿಶೋಧಕರು ಅದರ ಎದುರಿನ ಬಾಕಿಯನ್ನು ಸಭೆಯಲ್ಲಿ ಓದಿ ಹೇಳಲಿ.

ಆದಿದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಆರು ವೃತ್ತಿಗಳನ್ನು ಕಲಿಸಿದನೆಂದು ನಮ್ಮ ಪುರಾಣಗಳು ಹೇಳುತ್ತವೆ. ವಾಣಿಜ್ಯವೂ ಶಿಲ್ಪವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಎರಡನ್ನೂ ಹೇಳಿಕೊಟ್ಟದ್ದು ಜೀವನೋಪಾಯಕ್ಕಾಗಿ. ನಮ್ಮ ವೃತ್ತಿಯ ಲಾಭವನ್ನು ನಾವು ನ್ಯಾಯಾರ್ಜಿತವೆಂದು ಹೇಳಿಕೊಳ್ಳುವಾಗ ಪಕ್ಕದವನ ವೃತ್ತಿಯ ಕೂಲಿಯನ್ನು ಲೋಭವೆನ್ನುವುದು ಸಲ್ಲದು. ಮುಂದಿನ ದಶಲಕ್ಷಣ ಪರ್ವಕ್ಕೆ ಸಂಚಿಕೆ ತರಬೇಕೆಂದಿರುವ ಸಮಿತಿಗಳು ಹಳೆಯ ಕಡತಗಳನ್ನು ತೆಗೆದು, ಯಾವ ಯಾವ ಚಿತ್ರಕಾರರಿಗೆ ಎಷ್ಟು ಬಾಕಿ ನಿಂತಿದೆಯೆಂದು ನೋಡಿ, ಉತ್ತಮ ಕ್ಷಮೆಯ ದಿನಕ್ಕೆ ಮೊದಲು ಅದನ್ನು ತೀರಿಸಲಿ. ಬಾಕಿಯನ್ನು ಕೈಯಲ್ಲಿಟ್ಟುಕೊಂಡು ಕ್ಷಮೆ ಕೇಳುವುದಕ್ಕಿಂತ ಬಾಕಿ ತೀರಿಸಿ ಕೇಳುವುದು ಉಭಯತರಿಗೂ ಶ್ರೇಯಸ್ಕರ.